ಟಿವಿಯಲ್ಲಿ ಸಿಕ್ಕ ಬ್ರಹ್ಮಗಿರಿಯ ಸಾಹೇಬರು

ಲೀಡ್ಸ್
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ಮತ್ತು ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಇಲ್ಲೀಗ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಕೆಲಸದಿಂದ ಬಂದವಳೇ ಅನ್ನಕ್ಕಿಟ್ಟು ಟಿವಿ ಮುಂದೆ ಕೂರುತ್ತೇನೆ. ಧಾರಾವಾಹಿಗಲ್ಲ ಅಮ್ಮಾ, ಇತಿಹಾಸದ ಸಾಕ್ಷ್ಯಚಿತ್ರಗಳಿಗೆ. ವೇಷ ಹಾಕಿಕೊಂಡು ಕತ್ತಿ ಝಳಪಿಸುವಂಥವು ಬಂದರೆ ಚಾನೆಲ್ ಬದಲಾಯಿಸಿಬಿಡುತ್ತೇನೆ. ನನಗೆ ಹಿಡಿಸಿದ್ದು 1994ರಲ್ಲಿ ಶುರುವಾದ ‘ಟೈಮ್ ಟೀಮ್’. ಮೂರೇ ದಿನದಲ್ಲಿ ಒಂದು ಜಾಗವನ್ನು ಅಗೆದು ನೋಡಬೇಕು. ಮಳೆ, ಕೆಸರು, ತಜ್ಞರ ಜಗಳ. ಕೆಲವು ಸಲ ಹುಡುಕಿದ್ದು ಸಿಗುವುದೇ ಇಲ್ಲ. ಅದನ್ನೂ ಮುಚ್ಚಿಡದೆ ತೋರಿಸುತ್ತಾರೆ.

ಆದರೆ ಅಪ್ಪಾ, ಪತ್ರ ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ನಿನ್ನೆ ಬಿಬಿಸಿಯ 1950ರ ದಶಕದ ಒಂದು ಕಪ್ಪು-ಬಿಳುಪು ಕಾರ್ಯಕ್ರಮ ನೋಡಿದೆ. ವಸ್ತುಸಂಗ್ರಹಾಲಯದಿಂದ ತಂದ ವಸ್ತುವೊಂದನ್ನು ಮೂವರು ತಜ್ಞರ ಕೈಗೆ ಕೊಡುತ್ತಾರೆ. ಅದೇನು, ಎಲ್ಲಿಯದು, ಯಾವ ಕಾಲದ್ದು ಎಂದು ಅವರು ಹೇಳಬೇಕು. ನೋಡುವವರಿಗೆ ಉತ್ತರ ಮೊದಲೇ ಗೊತ್ತು. ಪಂಡಿತರು ತಡವರಿಸುವುದನ್ನು ನೋಡುವುದೇ ಮಜಾ. ಅವರಲ್ಲೊಬ್ಬರು ಗಿರಿಜಾ ಮೀಸೆಯ ಠೀವಿಯ ಆಸಾಮಿ. ಹೆಸರು ಕೇಳಿದೊಡನೆ ತಟ್ಟೆ ಹಿಡಿದೇ ಎದ್ದು ನಿಂತೆ: ಮಾರ್ಟಿಮರ್ ವೀಲರ್! 1947ರಲ್ಲಿ ಮೊಳಕಾಲ್ಮುರು ಕಡೆಯ ನಮ್ಮ ಬ್ರಹ್ಮಗಿರಿಯನ್ನು ಅಗೆಸಿದರು ಎಂದು ನೀವು ಹೇಳುತ್ತಿದ್ದ ಅದೇ ಪುರಾತತ್ವಜ್ಞ ವೀಲರ್ ಸಾಹೇಬರು. ಮೊಳಕಾಲ್ಮುರಿನ ಬಿಸಿಲು ಕಂಡ ಈ ಮನುಷ್ಯ 1954ರಲ್ಲಿ ಬ್ರಿಟನ್ನಿನ ವರ್ಷದ ಟಿವಿ ವ್ಯಕ್ತಿ!

ನಿಮ್ಮ ಮುನಿಸೂ ನೆನಪಾಯಿತು. ಅವರಿಗಿಂತ ಮೊದಲೇ ಮೈಸೂರಿನ ಎಂ. ಎಚ್. ಕೃಷ್ಣ ಅಲ್ಲಿ ಅಗೆದಿದ್ದರು, ಹೆಸರು ಬಂದದ್ದು ಮಾತ್ರ ಸಾಹೇಬರಿಗೆ ಎನ್ನುತ್ತಿದ್ದಿರಿ. ಕಾಲನಿರ್ಣಯದಲ್ಲಿ ಸಾಹೇಬರೂ ಎಡವಿದರು ಬಿಡಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯಗಳನ್ನು ಆಧಾರವಾಗಿಟ್ಟುಕೊಂಡು ಪದರ ಪದರವಾಗಿ ಹಿಂದಕ್ಕೆ ಲೆಕ್ಕ ಹಾಕಿದರು. ಕಲ್ಲುಕೊಡಲಿಯ ಜನರನ್ನು ಕ್ರಿ.ಪೂ. ಮೊದಲ ಸಹಸ್ರಮಾನದಲ್ಲೇ ನಿಲ್ಲಿಸಿದರು. ಆಮೇಲೆ ಕಾರ್ಬನ್ ಪರೀಕ್ಷೆ ಬಂದು ದಕ್ಷಿಣದ ಆ ಜನ ಇನ್ನೂ ಸಾವಿರ ವರ್ಷಕ್ಕೂ ಮಿಕ್ಕಿ ಹಿಂದಕ್ಕೆ ಹೋದರು. ಪದರಗಳನ್ನು ಬಿಡಿಸಿ ಓದುವ ಶಿಸ್ತು ಮಾತ್ರ ಅವರದೇ. ನೀವು ಒಪ್ಪುವುದಿಲ್ಲ, ಗೊತ್ತು.

ಚಿಕ್ಕವಳಿದ್ದಾಗ ಬ್ರಹ್ಮಗಿರಿಯ ಅಶೋಕನ ಶಾಸನದ ಬಂಡೆ ತೋರಿಸಲು ನೀವು ಸೈಕಲ್ಲಿನಲ್ಲಿ ಕರೆದುಕೊಂಡು ಹೋಗಿದ್ದಿರಲ್ಲ, ಆವತ್ತು ಹೊಲದ ಬದುವಿನಲ್ಲಿ ನನಗೊಂದು ಬೋಕಿ ಸಿಕ್ಕಿತ್ತು. ಹೊರಗೆ ಕೆಂಪು, ಒಳಗೆ ಕಪ್ಪು, ಅಂಚು ನುಣುಪು. ಅದನ್ನು ಕುಂಟೆಬಿಲ್ಲೆಗೆ ಇಟ್ಟುಕೊಂಡಿದ್ದೆ. ಆಟದ ನಡುವೆ ನೀವು ಕಿತ್ತುಕೊಂಡಾಗ ಅತ್ತು ರಂಪ ಮಾಡಿದ್ದೆ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಸಿಗದೆ ಹಾಗೆ ಕಪ್ಪಾಗುತ್ತದಂತೆ. ಬೃಹತ್ ಶಿಲಾ ಸಮಾಧಿಗಳ ಕಾಲದ ಮಡಕೆಗಳ ಗುರುತೇ ಅದು. ಎರಡು ಸಾವಿರ ವರ್ಷದ ಹಿಂದಿನದನ್ನು ಒಂಟಿಕಾಲಿನಲ್ಲಿ ಒದೆಯುತ್ತಿದ್ದೆನೋ ಏನೋ.

ಅದನ್ನು ಎಲ್ಲಿಟ್ಟಿದ್ದೀರಿ? ಅಟ್ಟದ ಮೇಲಿನ ಟ್ರಂಕಿನಲ್ಲಿ ಇರಬಹುದು. ನೀವು ಏಣಿ ಹತ್ತಬೇಡಿ, ತಮ್ಮನಿಗೆ ಹೇಳಿ. ಸಿಕ್ಕರೆ ಎರಡೂ ಬದಿಯ ಫೋಟೊ ತೆಗೆಸಿ ಕಳುಹಿಸಿ.

ಇಂತಿ,
ನಿಮ್ಮ ಮಗಳು