ಅಜ್ಜನ ಸೊಂಟನೋವು

ಅಟ್ಲಾಂಟಾ,
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ಫೋನಿನಲ್ಲಿ ಆಡಲು ಬಾಯಿ ಬಾರದ ಮಾತೊಂದಿದೆ, ಅದಕ್ಕೇ ಈ ಕಾಗದ. ಮಗಳಾಗಿ ಇದನ್ನು ಹೇಗೆ ಕೇಳಲಿ ಎಂದು ಎರಡು ವಾರ ಹಿಂದೆಮುಂದೆ ನೋಡಿದೆ.

ನಮ್ಮ ವಾರ್ಡಿಗೆ ಅರವತ್ತರ ಆಸುಪಾಸಿನ ಒಬ್ಬರು ಬಂದಿದ್ದಾರೆ. ಕಪ್ಪು ಜನಾಂಗದವರು, ಬಸ್ ಓಡಿಸಿ ಮೂವರು ಮಕ್ಕಳನ್ನು ಓದಿಸಿದವರು. ವರ್ಷದಿಂದ ಸೊಂಟನೋವು. ಸೀಟಿನಲ್ಲಿ ಕುಳಿತು ಕುಳಿತು ಬಂದದ್ದೆಂದು ಮುಲಾಮು ತಿಕ್ಕಿಕೊಂಡೇ ಇದ್ದರಂತೆ. ನೋಡಿದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಅವರ ತಂದೆಯೂ ಹೀಗೇ ಸೊಂಟ ಹಿಡಿದುಕೊಂಡೇ ತೀರಿಹೋದರಂತೆ. ಯಾವ ಕಾಯಿಲೆ ಎಂದು ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಅಮೆರಿಕದಲ್ಲಿ 8 ಗಂಡಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಈ ರೋಗ ಪತ್ತೆಯಾಗುತ್ತದೆ. ಕಪ್ಪು ಜನರಲ್ಲಾದರೆ 6 ಗಂಡಸರಲ್ಲಿ ಒಬ್ಬರಿಗೆ. ಇದರಿಂದ ಸಾಯುವವರ ಪ್ರಮಾಣವೂ ಬಿಳಿಯರಿಗಿಂತ ಸುಮಾರು ಎರಡು ಪಟ್ಟು. ಎಲ್ಲವೂ ರಕ್ತದಲ್ಲೇ ಬಂದದ್ದು ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಆಫ್ರಿಕನ್ ಮೂಲದವರ ಎಂಟನೆಯ ವರ್ಣತಂತುವಿನಲ್ಲಿ, ಎಂದರೆ ವಂಶದ ಗುಣಗಳನ್ನು ಹೊತ್ತ ಎಳೆಯಲ್ಲಿ, ಅಪಾಯ ಹೆಚ್ಚಿಸುವ ಕೆಲವು ಬದಲಾವಣೆಗಳು ಹೆಚ್ಚಾಗಿ ಕಾಣುವುದು ನಿಜ. ಆದರೆ ಮಾಜಿ ಸೈನಿಕರಿಗೆಂದು ಸರ್ಕಾರ ನಡೆಸುವ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಆರೈಕೆ ಸಿಕ್ಕಾಗ, ಸಾವಿನ ಈ ಅಂತರ ಬಹುಮಟ್ಟಿಗೆ ಅಳಿದುಹೋಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಅಲ್ಲಿಗೆ ಹೋಗುವವರ ರಕ್ತವೂ ಅದೇ ಅಲ್ಲವೇ ಅಪ್ಪ?

ಮೊದಲೇ ಬರಬಾರದಿತ್ತೇ ಎಂದು ನನಗೂ ಸಿಟ್ಟು ಬರುತ್ತಿತ್ತು. ಆಮೇಲೆ ಪಕ್ಕದ ಅಲಬಾಮಾ ರಾಜ್ಯದ ಟಸ್ಕೀಗಿ ಎಂಬ ಊರಿನ ವಿಷಯ ತಿಳಿಯಿತು. ಇಲ್ಲಿಂದ ಕಾರಿನಲ್ಲಿ ಎರಡು ಗಂಟೆಯ ದಾರಿ. 1932ರಿಂದ 1972ರವರೆಗೆ ಅಲ್ಲಿ ಸರ್ಕಾರದ ವೈದ್ಯರು ಸಿಫಿಲಿಸ್ ಎಂಬ ಲೈಂಗಿಕ ರೋಗವಿದ್ದ 399 ಕಪ್ಪು ಗಂಡಸರನ್ನು ಚಿಕಿತ್ಸೆ ಕೊಡುತ್ತಿದ್ದೇವೆಂದು ನಂಬಿಸಿದರು. ಅದನ್ನು ವಾಸಿಮಾಡುವ ಪೆನ್ಸಿಲಿನ್ ಔಷಧ ಬಂದ ಮೇಲೂ ಅದನ್ನು ಕೊಡದೆ, ರೋಗ ಬೆಳೆಯುವುದನ್ನು ಬರೆದಿಟ್ಟುಕೊಳ್ಳುತ್ತಾ ಕುಳಿತರು. ಇದನ್ನು ಕೇಳಿ ಬೆಳೆದವರು ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿದರೆ ಯಾವ ಬಾಯಿಂದ ಬೈಯಲಿ?

ಅದಕ್ಕೇ ಇಲ್ಲಿ ಹಲವೆಡೆ ಕ್ಷೌರದ ಅಂಗಡಿಗಳಲ್ಲೇ ಈ ಮಾತು ತೆಗೆಯುತ್ತಾರೆ. ಈ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ಎಂಬ ರಕ್ತಪರೀಕ್ಷೆಯನ್ನು ಕಪ್ಪು ಗಂಡಸರು 40–45ರ ವಯಸ್ಸಿನಲ್ಲೇ ಯೋಚಿಸಬೇಕೆಂಬ ಸಲಹೆ ಈಗಿದೆ. ವೈದ್ಯರ ಮಾತು ಕೇಳದವರು ಕ್ಷೌರಿಕನ ಮಾತು ಕೇಳುತ್ತಾರೆ, ಇದು ನನಗೆ ಬಹಳ ಹಿಡಿಸಿತು. ಆದರೂ ಸಂಕೋಚ ದೊಡ್ಡದು. ರಕ್ಷಣಾ ಸಚಿವರಾಗಿದ್ದ, ಇದೇ ಜಾರ್ಜಿಯಾದಲ್ಲಿ ಬೆಳೆದ ಲಾಯ್ಡ್ ಆಸ್ಟಿನ್ 2023ರ ಡಿಸೆಂಬರಿನಲ್ಲಿ ಇದೇ ಕಾಯಿಲೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಅಧ್ಯಕ್ಷರಿಗೂ ಹೇಳಿರಲಿಲ್ಲ.

ಇನ್ನು ನಾನು ಕೇಳಬೇಕಾದದ್ದು. ಆ ಬಸ್ ಚಾಲಕರು ತಮ್ಮ ತಂದೆಯ ವಿಷಯ ಹೇಳುವಾಗ ನಮ್ಮ ಅಜ್ಜ ಕಣ್ಮುಂದೆ ಬಂದರು. ಕೊನೆಯ ವರ್ಷ ಅಜ್ಜಿ ಅವರ ಸೊಂಟಕ್ಕೆ ದಿನವೂ ಬಿಸಿ ಎಣ್ಣೆ ತಿಕ್ಕುತ್ತಿದ್ದಳು. ರಾತ್ರಿಯೆಲ್ಲ ಎದ್ದೆದ್ದು ಹಿತ್ತಲಿಗೆ ಹೋಗುತ್ತಿದ್ದರು. ವಾತ ಎಂದು ನಮಗೆಲ್ಲ ಹೇಳಿದ್ದಿರಿ. ಶಿವಮೊಗ್ಗದ ಡಾಕ್ಟರು ನಿಜಕ್ಕೂ ಏನು ಹೇಳಿದ್ದರು ಅಪ್ಪ? ತಂದೆಗಿದ್ದರೆ ಗಂಡುಮಕ್ಕಳಿಗೆ ಬರುವ ಸಾಧ್ಯತೆ ದುಪ್ಪಟ್ಟಾಗುತ್ತದೆ. ನಿಮಗೂ ಚಿಕ್ಕಪ್ಪನಿಗೂ ಇದು ಗೊತ್ತಿರಬೇಕು. ಆ ಕಾಗದಪತ್ರ ಅಟ್ಟದ ಟ್ರಂಕಿನಲ್ಲಿ ಇದ್ದರೆ ಹುಡುಕಿಸಿ. ನನಗೆ ಬರೆಯಲು ಸಂಕೋಚವಾದರೆ ತಮ್ಮನಿಗಾದರೂ ಹೇಳಿ, ಅವನು ನನಗೆ ತಿಳಿಸುತ್ತಾನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಮಗಳು