ಕಡಲಪಾಚಿ ತಿನ್ನಿ ಅಂತೀರಿ, ಯಾವುದು ಎಷ್ಟು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಡಲಪಾಚಿ ತಿಂದರೆ ಆರೋಗ್ಯಕ್ಕೆ ಒಳ್ಳೆಯದು ಎಂಬ ಬರಹಗಳು ಈಗ ಎಲ್ಲೆಲ್ಲೂ ಕಾಣುತ್ತಿವೆ. ನಿಮ್ಮ ಆರೋಗ್ಯ ಪುಟವೂ ಹಿಂದೆ ಬಿದ್ದಿಲ್ಲ. ಸಂತೋಷ, ನಾನೂ ಇಷ್ಟಪಟ್ಟು ತಿನ್ನುವವನೇ. ಆದರೆ ಇವುಗಳಲ್ಲಿ ಹೆಚ್ಚಿನವು ಪಾಚಿಯಲ್ಲಿ ಅಯೋಡಿನ್ ಇದೆ, ನಾರಿನಂಶ ಇದೆ, ಖನಿಜಗಳಿವೆ ಎಂದು ಹೊಗಳಿ ಅಲ್ಲಿಗೇ ಮುಗಿದುಬಿಡುತ್ತವೆ. ಯಾವ ಪಾಚಿ? ಎಷ್ಟು? ಯಾರು ದೂರ ಇರಬೇಕು? ಅದನ್ನು ಹೇಳುವುದೇ ಇಲ್ಲ.

ಅಯೋಡಿನ್ ಮಾತನ್ನೇ ತೆಗೆದುಕೊಳ್ಳಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಗರಿಷ್ಠ ಮಿತಿ ಯುರೋಪಿನ ಲೆಕ್ಕದಲ್ಲಿ 600, ಅಮೆರಿಕದ ಲೆಕ್ಕದಲ್ಲಿ 1,100. ಈಗ ಕೊಂಬು ಅನ್ನುವ ದಪ್ಪ ಕಂದು ಪಾಚಿ ನೋಡಿ, ಒಣಗಿದ ಒಂದೇ ಒಂದು ಗ್ರಾಂನಲ್ಲಿ ಸಾವಿರ ಮೈಕ್ರೋಗ್ರಾಂ ದಾಟುವುದು ಮಾಮೂಲಿ. ಅದೇ ನೋರಿ, ಅಂದರೆ ಅನ್ನ ಸುತ್ತಲು ಬಳಸುವ ತೆಳ್ಳನೆ ಹಾಳೆ, ಅದರಲ್ಲಿ ಗ್ರಾಂಗೆ ಕೆಲವು ಹತ್ತು ಮೈಕ್ರೋಗ್ರಾಂ ಅಷ್ಟೇ. ಎರಡೂ ಕಡಲಪಾಚಿಯೇ, ಆದರೆ ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದೇ ಇಲ್ಲ. ಪಾಚಿ ಬೆಳೆದ ಜಾಗ, ಕೊಯ್ದ ಕಾಲ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ಹಾಗಿರುವಾಗ ದಿನಾ ಒಂದು ಚಮಚ ಕೆಲ್ಪ್ (ಕೊಂಬುವಿನಂಥ ದೊಡ್ಡ ಕಂದು ಪಾಚಿ) ಪುಡಿ ನೀರಿಗೆ ಹಾಕಿಕೊಂಡು ಕುಡಿಯಿರಿ ಅಂತ ಸುಮ್ನೆ ಬರೆದುಬಿಡುವುದು ಸರಿಯಾ?

ಜಾಸ್ತಿಯಾದ ಅಯೋಡಿನ್ ಮೂತ್ರದಲ್ಲಿ ಹೋಗುತ್ತೆ ಬಿಡಿ ಅನ್ನುವವರಿದ್ದಾರೆ. ಬಹಳಷ್ಟು ಹೋಗುತ್ತದೆ, ನಿಜ. ಆದರೆ ಒಮ್ಮೆಲೇ ವಿಪರೀತ ಅಯೋಡಿನ್ ಬಂದರೆ ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಆರೋಗ್ಯವಂತರಲ್ಲಿ ಕೆಲವೇ ದಿನಗಳಲ್ಲಿ ಅದು ಮತ್ತೆ ದಾರಿಗೆ ಬರುತ್ತದೆ. ಥೈರಾಯ್ಡ್ ತೊಂದರೆ ಮೊದಲೇ ಇದ್ದವರಲ್ಲಿ ಬಾರದೆಯೂ ಇರಬಹುದು, ಇನ್ನು ಕೆಲವರಲ್ಲಿ ಉಲ್ಟಾ ಹೊಡೆದು ಹಾರ್ಮೋನು ಅತಿಯಾಗುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇನ್ನೂ ಹುಷಾರಾಗಿರಬೇಕು, ಏಕೆಂದರೆ ಪೆಟ್ಟು ಮಗುವಿಗೆ ಬೀಳುತ್ತದೆ. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ಕೊಂಬು ಬೆರೆಸಿದ ಒಂದು ಸೋಯಾ ಹಾಲನ್ನೇ ಮಾರುಕಟ್ಟೆಯಿಂದ ವಾಪಸ್ ತರಿಸಬೇಕಾಯಿತು. ಆರೋಗ್ಯಕ್ಕೆ ಅಂತಲೇ ಅದನ್ನು ಕುಡಿಯುತ್ತಿದ್ದವರಿಗೆ ಥೈರಾಯ್ಡ್ ಕೆಟ್ಟಿತ್ತು. ಪಾಚಿ ಕಣ್ಣಿಗೆ ಬೀಳುವ ಹಾಗೆ ತಟ್ಟೆಯಲ್ಲೇ ಇರಬೇಕಿಲ್ಲ, ಅಲ್ವಾ?

ಹಿಜಿಕಿ ಎಂಬ ಕಪ್ಪು ಎಳೆ ಎಳೆಯ ಪಾಚಿಯದು ಬೇರೆಯೇ ಕಥೆ. ಅದರಲ್ಲಿ ಅಪಾಯಕಾರಿ ರೂಪದ ಆರ್ಸೆನಿಕ್ ಜಾಸ್ತಿ. ಅದನ್ನು ತಿನ್ನಲೇಬೇಡಿ ಎಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲೇ ಹೇಳಿದೆ. ಇನ್ನು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ಪಾಚಿ ಶುರುಮಾಡುವ ಮೊದಲು ಡಾಕ್ಟರನ್ನು ಕೇಳಲಿ. ಕೆಲವು ಪಾಚಿಗಳಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೇ ಅಡ್ಡ ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಹೆದರಿಸಲು ಅಲ್ಲ. ಆಗೊಮ್ಮೆ ಈಗೊಮ್ಮೆ ಎರಡು ಹಾಳೆ ನೋರಿ ತಿಂದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೊಂಬುವನ್ನೂ ಬಿಡಬೇಕಿಲ್ಲ. ನೀರಲ್ಲಿ ಕುದಿಸಿದರೆ ಅದರ ಅಯೋಡಿನ್ ಬಹಳಷ್ಟು ಆ ನೀರಿಗೇ ಇಳಿಯುತ್ತದೆ. ಆ ನೀರು ಚೆಲ್ಲಿದರೆ ಅಯೋಡಿನ್ನೂ ಹೋಯಿತು, ಅದನ್ನೇ ಸಾರು ಮಾಡಿ ಕುಡಿದರೆ ಹೊಟ್ಟೆಗೆ ಬಂತು. (ಒಣ ಕೊಂಬುವಿನ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟು ಅಂತ ಉಜ್ಜಿ ತೊಳೆಯಬೇಡಿ. ಹೆಚ್ಚಿನಂಶ ಅದು ಮ್ಯಾನಿಟಾಲ್, ಪಾಚಿಯದೇ ಸಕ್ಕರೆಯಂಥ ವಸ್ತು. ಬೂಷ್ಟಾದರೆ ನವಿರಾಗಿ ಎದ್ದಿರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಬರೀ ಬಿಳಿ ಪುಡಿಯಾದರೆ ಒಣಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು.)

ಈಗ ಕೊಯ್ಲಿನ ವಿಷಯ. ದಡಕ್ಕೆ ಬಂದು ಬಿದ್ದ ಪಾಚಿ ಗೊಬ್ಬರಕ್ಕೆ ಸರಿ, ಬಾಯಿಗೆ ಬೇಡ, ಅದು ಯಾವಾಗಿನಿಂದ ಕೊಳೆಯುತ್ತಿದೆಯೋ ಯಾರಿಗೆ ಗೊತ್ತು. ಬಂಡೆಗೆ ಅಂಟಿ ಜೀವಂತ ಇರುವುದನ್ನೇ ಕೊಯ್ಯಬೇಕು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಇಳಿತದಲ್ಲಿ ನೀರು ತುಂಬಾ ಕೆಳಗೆ ಹೋಗುತ್ತದೆ, ಬಂಡೆ ಬಿಡಿಸಿಕೊಂಡು ಕಾಣುತ್ತದೆ. ಆಗ ಕತ್ತರಿ ಹಿಡಿದು ಹೋಗಬೇಕು, ಬರಿಗೈಯಲ್ಲಿ ಹೋದರೆ ಕೀಳುವುದೇ ಆಗುತ್ತದೆ. ಕೆಲ್ಪ್ ಜಾತಿಯವು ಬೆಳೆಯುವುದು ದಂಟು ಮುಗಿದು ಎಲೆ ಶುರುವಾಗುವ ಆ ಸಂದಿನಲ್ಲಿ. ಅದರ ಮೇಲೆ ಒಂದು ಗೇಣು ಬಿಟ್ಟು ಎಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಕೆಳಗೆ ದಂಟಿಗೇ ಕತ್ತರಿ ಹಾಕಿದರೆ ಆ ಗಿಡದ ಕಥೆ ಮುಗಿಯಿತು. ಮೀನಿನ ಮರಿಗಳೂ ಅಲ್ಲೇ ಅಡಗಿರುತ್ತವೆ, ಹಾಗಾಗಿ ಒಂದೇ ಬಂಡೆ ಬೋಳಿಸಬಾರದು. ಅಲೆಗೆ ಬೆನ್ನು ಹಾಕಿ ನಿಲ್ಲಲೂ ಬಾರದು.

ಪಾಚಿಗೆ ನೆಲದಲ್ಲಿ ಬೇರಿಲ್ಲ. ಬುಡ ಇರುವುದು ಹಿಡಿದುಕೊಳ್ಳಲಿಕ್ಕೆ ಮಾತ್ರ, ಊಟವೆಲ್ಲ ಸುತ್ತಲಿನ ನೀರಿನಿಂದಲೇ. ನೀರಿನಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೆ ಪಾಚಿಯಲ್ಲೂ ಇರುತ್ತದೆ, ಮನೆಗೆ ತಂದು ಎಷ್ಟು ತೊಳೆದರೂ ಹೋಗುವುದಿಲ್ಲ. ಬಂದರು, ಕಾರ್ಖಾನೆ, ಚರಂಡಿ ಬಾಯಿ ಹತ್ತಿರ ಹೋಗಲೇಬೇಡಿ. ಜೋರು ಮಳೆಯಾದ ಮೇಲೂ ಕೆಲವು ದಿನ ಬಿಡುವುದೇ ವಾಸಿ.

"ಸಹಜವಾಗಿ ಬೆಳೆದದ್ದೇ ಶ್ರೇಷ್ಠ" ಎನ್ನುವ ಹಟವೂ ನನಗೆ ಅರ್ಥವಾಗದು. ಜಗತ್ತಿನ ಪಾಚಿಯಲ್ಲಿ ಶೇ 95ಕ್ಕಿಂತ ಜಾಸ್ತಿ ಈಗ ಕೃಷಿಯಿಂದಲೇ ಬರುತ್ತದೆ. ನೋರಿ ಬೀಜಾಣು ಎಲ್ಲಿಂದ ಬರುತ್ತದೆಂದು ತಿಳಿಯದೆ ಜಪಾನಿನ ರೈತರು ಅದೃಷ್ಟ ನಂಬಿ ಕೂರುತ್ತಿದ್ದರು. 1949ರಲ್ಲಿ ಬ್ರಿಟನ್ನಿನ ಕ್ಯಾಥ್ಲೀನ್ ಡ್ರೂ ಬೇಕರ್ ಅದರ ಇನ್ನೊಂದು ಅವಸ್ಥೆ ಚಿಪ್ಪಿನೊಳಗೆ ಬೆಳೆಯುತ್ತದೆ ಎಂದು ತೋರಿಸಿದ ಮೇಲೆ ಬೇಸಾಯದ ದಾರಿ ತೆರೆಯಿತು. ಆಕೆ ಜಪಾನಿಗೆ ಒಮ್ಮೆಯೂ ಹೋದವರಲ್ಲ, ಆದರೂ ಅಲ್ಲಿನವರು ಆಕೆಗೆ ಸ್ಮಾರಕ ಕಟ್ಟಿದ್ದಾರೆ. ಶುದ್ಧ ನೀರಲ್ಲಿ ಬೆಳೆದು, ಪರೀಕ್ಷೆಯಾಗಿ ಬಂದ ಪಾಚಿ ಯಾವುದೋ ಬಂಡೆಯಿಂದ ಕಿತ್ತು ತಂದದ್ದಕ್ಕಿಂತ ನನಗಂತೂ ಮೇಲು.

ಮುಂದಿನ ಸಲ ಪಾಚಿ ಬಗ್ಗೆ ಬರೆಸುವಾಗ ಪಾಚಿಯ ಹೆಸರು, ಗ್ರಾಂನಲ್ಲಿ ಪ್ರಮಾಣ, ಯಾರಿಗೆ ಬೇಡ ಎಂಬ ಒಂದು ಸಾಲು, ಇಷ್ಟನ್ನು ಸೇರಿಸಿ. ಪುಡಿ, ಮಾತ್ರೆ ಮಾರುವವರ ಜಾಹೀರಾತು ಪಕ್ಕದಲ್ಲೇ ಇದ್ದರೆ ಇನ್ನೂ ದಪ್ಪ ಅಕ್ಷರದಲ್ಲಿ ಹಾಕಿ.

ಇಂತಿ,
ನಿಮ್ಮ ಓದುಗ