ಸೌದೆ ಕೊಟ್ಟಿಗೆಯ ಲೋಟ

ವಿರಾಜಪೇಟೆ

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಈ ಕೊಯ್ಲಿನಿಂದ ಕಾಫಿ ತೋಟದ ಲೆಕ್ಕಪತ್ರ ನಿನ್ನ ಕೈಗೆ ಬರುತ್ತದೆ. ಗೊಬ್ಬರ, ನೆರಳಿನ ಮರಗಳ ವಿಚಾರವನ್ನು ರೈಟರ್ ಹೇಳಿಕೊಡುತ್ತಾರೆ. ಅವರು ಹೇಳದೆ ಬಿಡುವ ಮಾತಿಗಾಗಿ ಈ ಪತ್ರ.

ಹೋದ ಸಲ ಊಟಕ್ಕೆ ಕುಳಿತಾಗ ನೀನು "ಬಯಲುಸೀಮೆಯ ಹಾಗೆ ನಮ್ಮ ಕೊಡಗಿನಲ್ಲಿ ಜಾತಿಭೇದ ಇಲ್ಲ" ಎಂದೆ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೆಯೇ ಹೇಳುತ್ತಿದ್ದೆ. ಅದು ನಿಜವಲ್ಲ, ಮಗು. ಗದ್ದೆಯ ಜೊತೆಗೆ ಎರವ ಬುಡಕಟ್ಟಿನವರ ಸಂಸಾರಗಳನ್ನೂ ಒಡೆಯನ ಸೊತ್ತೆಂದು ಎಣಿಸುತ್ತಿದ್ದ ನಾಡು ಇದು. ಹೀಗೆ ಜಮೀನಿಗೂ ಒಡೆಯನ ಮನೆಗೂ ಕಟ್ಟುಬಿದ್ದ ಆಳುಗಳನ್ನು 'ಜಮ್ಮದ ಆಳು' ಎನ್ನುತ್ತಿದ್ದರು. 1976ರಲ್ಲಿ ಜೀತ ರದ್ದಾಯಿತು, ಮುಂಗಡದ ಸಾಲ ಉಳಿಯಿತು. 2016ರ ಡಿಸೆಂಬರಿನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಚಳಿಯಲ್ಲಿ ಬಯಲಿಗೆ ಬಿದ್ದವರಲ್ಲಿ ಎಷ್ಟೋ ಮಂದಿ ತೋಟಗಳ ಲೈನ್ ಮನೆ, ಅಂದರೆ ಆಳುಗಳ ಸಾಲುಮನೆ, ಬಿಟ್ಟು ಬಂದವರು. ತಲೆತಲಾಂತರ ದುಡಿದವರಿಗೆ ಒಂದು ಸೆಂಟು ಸ್ವಂತ ಜಾಗ ಇರಲಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮ ಮನೆಯದನ್ನೂ ಹೇಳಬೇಕು. ಕಣದ ಬದಿಯ ಸೌದೆ ಕೊಟ್ಟಿಗೆಯ ಪಕಾಸಿಗೆ ಸಿಕ್ಕಿಸಿದ ಅಲ್ಯುಮಿನಿಯಂ ಲೋಟವೊಂದಿತ್ತು, ಅಂಚೆಲ್ಲ ನಗ್ಗಿದ್ದು. ಸಂಜೆ ಹಣ್ಣು ಅಳೆದು ಹಾಕಿದ ಮೇಲೆ ಎರವರ ಅಜ್ಜ ಅದನ್ನು ತಾವೇ ಇಳಿಸಿ, ತೊಳೆದು, ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ನಿಮ್ಮಜ್ಜಿ ಒಂದು ಮೊಳ ಮೇಲಿನಿಂದ ಬೆಲ್ಲದ ಕಾಫಿ ಹೊಯ್ಯುತ್ತಿದ್ದರು. ಕೈಗೆ ಸಿಡಿದರೂ ಅಜ್ಜ ಲೋಟ ಅಲುಗಿಸುತ್ತಿರಲಿಲ್ಲ. ಏಳು ವರ್ಷದ ನಾನು ಅವರನ್ನು "ಬಾರೋ, ಹೋಗೋ" ಎನ್ನುತ್ತಿದ್ದೆ, ಅವರು ನನ್ನನ್ನು "ಚಿಕ್ಕ ಸಾಹುಕಾರರೇ" ಎನ್ನುತ್ತಿದ್ದರು. 1934ರಲ್ಲಿ ಗಾಂಧೀಜಿ ಬಂದಾಗ ಕಥೆಗಾರ್ತಿ ಕೊಡಗಿನ ಗೌರಮ್ಮ ಹರಿಜನ ನಿಧಿಗೆ ಒಡವೆ ಬಿಚ್ಚಿಕೊಟ್ಟ ಸಂಗತಿಯನ್ನು ಅದೇ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ಲೋಟವನ್ನು ಒಳಗೆ ತರಬೇಕೆಂದು ಯಾರಿಗೂ ಹೊಳೆಯಲಿಲ್ಲ. ದೊಡ್ಡವನಾದ ಮೇಲೆ ನನಗೆ ಹೊಳೆಯಿತು, ಆದರೆ ನಾನು ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅಜ್ಜ ತೀರಿಕೊಂಡರು.

ನೀನು ಹಾಗೆ ತಡ ಮಾಡಬೇಡ. ನಿನಗಿಂತ ಹಿರಿಯರಾದವರನ್ನು, ಅವರು ಯಾವ ಜಾತಿಯವರೇ ಆಗಿರಲಿ, ಬಹುವಚನದಲ್ಲಿ ಕರೆ. ಮೊದಮೊದಲು ಅವರೇ ಮುದುಡಿಕೊಳ್ಳುತ್ತಾರೆ, ಆದರೂ ಬಿಡಬೇಡ. ಬಟವಾಡೆಯ ದಿನ ಹಣವನ್ನು ಜಗುಲಿಯ ಮೇಲಿಡದೆ ಕೈಗೇ ಕೊಡು. ಮಳೆ ಹಿಡಿಯುವ ಮುಂಚೆ ಲೈನ್ ಮನೆಗಳ ಸೂರು ಸರಿಪಡಿಸು. ನಿವೇಶನಕ್ಕೆ ಅರ್ಜಿ ಹಾಕುವವರಿದ್ದರೆ ತಾಲ್ಲೂಕು ಕಚೇರಿಗೆ ನೀನೇ ಜೊತೆಗೆ ಹೋಗು. ಆಳು ಕೈತಪ್ಪುತ್ತಾರೆಂದು ನೆರೆಯ ತೋಟದವರು ಹೆದರಿಸಿಯಾರು, ಕಿವಿಗೊಡಬೇಡ.

ಆ ಅಜ್ಜನ ಮೊಮ್ಮಗಳು ಈಗಲೂ ಕೆಳಗಿನ ಲೈನಿನಲ್ಲಿದ್ದಾರೆ. ತೋಟಕ್ಕೆ ಹೋದ ಮೊದಲ ದಿನವೇ ಅವರ ಮನೆಗೆ ಹೋಗು. ಒಳಗೆ ಕುಳಿತುಕೋ. ಕಾಫಿ ಕೊಟ್ಟರೆ ಅವರ ಲೋಟದಲ್ಲೇ ಕುಡಿದು ಬಾ.

ಇಂತು,
ನಿನ್ನ ದೊಡ್ಡಪ್ಪ